ಮೂಲವನ್ನು ಹುಡುಕಬಾರದೆ?

ಋಷಿಮೂಲ, ನದೀಮೂಲಗಳನ್ನು ಹುಡುಕಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಹುಡುಕುತ್ತ ಹೋದರೆ ಮಹಾನದಿಯ ತುದಿಯಲ್ಲಿ ಸಿಗುವುದು ಒಂದು ಸಣ್ಣ ಒರತೆ. ಕೆಲವೊಮ್ಮೆ ಬರಿಯ ಕೆಸರು. ಆದರೂ ಮನೆತನದ ಮೂಲವನ್ನು ಅರಸುವ ಆಸೆ ಮನುಷ್ಯನನ್ನು ಬಿಟ್ಟಿಲ್ಲ. ಅರಸಿದಾಗ ಸಿಕ್ಕಿದ್ದನ್ನು ನಾವು ಏನು ಮಾಡಬೇಕು? ಹಿರಿಯರ ಪುಣ್ಯ ನಮ್ಮದೆಂದು ಹೇಳಿಕೊಳ್ಳುವುದಾದರೆ ಅವರ ಕಾಲದ ಪಾಪ ಯಾರದು? ಈ ಪ್ರಶ್ನೆಯನ್ನು ಅಮೆರಿಕದ ಒಂದು ಕ್ವೇಕರ್ ಮನೆತನದ ಕಥೆಯ ಮೂಲಕ ಪರಿಶೀಲಿಸಬಹುದೆಂದು ನಮಗೆ ತೋರುತ್ತದೆ.

ಕ್ವೇಕರರು ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್‌ನ ಬೋಧನೆಯಿಂದ ಹುಟ್ಟಿದ ಪಂಥದವರು. ಪುರೋಹಿತರಿಲ್ಲದೆ ಮೌನವಾಗಿ ಕುಳಿತು ಪ್ರಾರ್ಥಿಸುವುದು, ಆಣೆ ಇಡದಿರುವುದು, ಯುದ್ಧಕ್ಕೆ ಹೋಗದಿರುವುದು ಅವರ ನಡವಳಿಕೆ. ಇವರಷ್ಟು ಎಚ್ಚರದಿಂದ ಲೆಕ್ಕ ಬರೆದಿಟ್ಟವರು ವಿರಳ. ಹುಟ್ಟು, ಮದುವೆ, ಸಾವುಗಳೆಲ್ಲ ಅವರ ಮಾಸಿಕ ಸಭೆಯ ಪುಸ್ತಕ ಸೇರುತ್ತಿದ್ದವು. ಒಂದು ಸಂಸಾರ ಊರು ಬಿಟ್ಟು ಹೊರಟರೆ, ಇವರ ನಡತೆ ಸರಿಯಾಗಿದೆ ಎಂದು ಮುಂದಿನ ಊರಿನ ಸಭೆಗೆ ಪತ್ರ ಕೊಡುತ್ತಿದ್ದರು. ಈ ಪತ್ರಗಳ ಜಾಡು ಹಿಡಿದು ಒಂದು ಕುಟುಂಬವನ್ನು ಸಮುದ್ರತೀರದಿಂದ ಪಶ್ಚಿಮದ ಕಾಡಿನವರೆಗೆ ಹಿಂಬಾಲಿಸಬಹುದು. ತಿಂಗಳುಗಳಿಗೆ ಅನ್ಯದೇವತೆಗಳ ಹೆಸರು ಬೇಡವೆಂದು ಅವರು ಸಂಖ್ಯೆಯನ್ನೇ ಬರೆಯುತ್ತಿದ್ದರು. 1752ಕ್ಕೆ ಮುಂಚೆ ಅವರ 'ಮೊದಲ ತಿಂಗಳು' ಎಂದರೆ ಮಾರ್ಚ್ ಎಂದು ತಿಳಿಯದವನು ಎರಡು ತಿಂಗಳು ತಪ್ಪುತ್ತಾನೆ. ಒಪೆರಾ ಗಾಯಕನಾಗಿದ್ದ ವಿಲಿಯಂ ವೇಡ್ ಹಿನ್‌ಷಾ ಎಂಬಾತ ಈ ದಾಖಲೆಗಳನ್ನು ಕಲೆಹಾಕಿ 1936ರಿಂದ ದೊಡ್ಡ ಸಂಪುಟಗಳಾಗಿ ಹೊರತಂದ. ವಂಶ ಹುಡುಕುವವರಿಗೆ ಅದೊಂದು ಗಣಿ.

ಕಾಫಿನ್ ಮನೆತನವನ್ನೇ ನೋಡೋಣ. ಮೂಲಪುರುಷ ಟ್ರಿಸ್ಟ್ರಮ್ ಕಾಫಿನ್ 1642ರಲ್ಲಿ ಇಂಗ್ಲೆಂಡಿನಿಂದ ಬಂದವನು. 1659ರಲ್ಲಿ ನಾಂಟಕೆಟ್ ದ್ವೀಪವನ್ನು ಕೊಂಡವರಲ್ಲಿ ಒಬ್ಬ. ಅವನ ಸಂತತಿಯವರು ಕ್ವೇಕರರಾದರು. ಅವರಲ್ಲಿ ಕೆಲವರು ಹದಿನೆಂಟನೆಯ ಶತಮಾನದಲ್ಲಿ ಉತ್ತರ ಕೆರೊಲಿನಾದ ನ್ಯೂ ಗಾರ್ಡನ್‌ಗೆ ಹೋದರು. ಲೆವಿ ಕಾಫಿನ್ ಅಲ್ಲಿ 1798ರಲ್ಲಿ ಹುಟ್ಟಿದ. ಏಳು ವರ್ಷದವನಾಗಿದ್ದಾಗ, ಸರಪಳಿಯಲ್ಲಿ ಬಿಗಿದ ಗುಲಾಮರ ಸಾಲೊಂದು ರಸ್ತೆಯಲ್ಲಿ ಹೋಗುವುದನ್ನು ಕಂಡ. ನಿಮ್ಮನ್ನೇಕೆ ಕಟ್ಟಿದ್ದಾರೆಂದು ತಂದೆ ಕೇಳಿದರು. ಹೆಂಡತಿ ಮಕ್ಕಳಿಂದ ಅಗಲಿಸಿದ್ದಾರೆ, ನಾವು ಓಡಿ ಅವರ ಬಳಿಗೇ ಹಿಂತಿರುಗುತ್ತೇವೆಂಬ ಭಯ ಎಂದು ಒಬ್ಬ ಉತ್ತರಿಸಿದ. ನಮ್ಮ ಅಪ್ಪನನ್ನೂ ಹೀಗೆ ಒಯ್ದರೆ ಎಂಬ ಯೋಚನೆ ಆ ಹುಡುಗನನ್ನು ಹಿಡಿಯಿತು.

ಉತ್ತರ ಕೆರೊಲಿನಾದ ಕ್ವೇಕರರು ಗುಲಾಮರನ್ನು ಇಟ್ಟುಕೊಳ್ಳಕೂಡದೆಂದು ತೀರ್ಮಾನಿಸಿದ್ದರು. ಆದರೆ ಗುಲಾಮರನ್ನು ಸುಲಭವಾಗಿ ಬಿಡುಗಡೆ ಮಾಡಲು ಅಲ್ಲಿನ ಕಾನೂನು ಬಿಡುತ್ತಿರಲಿಲ್ಲ. 1808ರಲ್ಲಿ ಅವರು ಒಂದು ವಿಚಿತ್ರ ಉಪಾಯ ಕಂಡುಕೊಂಡರು: ಸಭೆಯೇ ಕಾಗದದ ಮೇಲೆ ಆ ಗುಲಾಮರ ಒಡೆಯನಾಯಿತು! ಇಂಥ ನಾಡಿನಲ್ಲಿ ಬಾಳುವುದು ಬೇಡವೆಂದು ಅನೇಕ ಸಂಸಾರಗಳು ಗಾಡಿ ಕಟ್ಟಿಕೊಂಡು ಗುಲಾಮಗಿರಿಯಿಲ್ಲದ ಇಂಡಿಯಾನಾಕ್ಕೆ ಹೊರಟವು. ಲೆವಿ 1826ರಲ್ಲಿ ಅಲ್ಲಿನ ನ್ಯೂಪೋರ್ಟ್ ಸೇರಿದ. ಆತನೂ ಹೆಂಡತಿ ಕ್ಯಾಥರಿನ್ನಳೂ ಓಡಿಬಂದ ಗುಲಾಮರಿಗೆ ಮನೆಯ ಬಾಗಿಲು ತೆರೆದರು. ಆತನ ಲೆಕ್ಕದಂತೆ ವರ್ಷಕ್ಕೆ ಸರಾಸರಿ ನೂರು ಮಂದಿ; ಇಪ್ಪತ್ತು ವರ್ಷ ಹೀಗೆ ನಡೆಯಿತು. ನೆರೆಯವರು ಹೆದರಿಸಿದರು. ಸ್ವಂತ ಪಂಥದ ಹಿರಿಯರೂ ಇಷ್ಟು ಉತ್ಸಾಹ ಬೇಡವೆಂದರು. 1843ರಲ್ಲಿ ಲೆವಿಯಂಥವರು ಬೇರೆ ಸಭೆ ಕಟ್ಟಬೇಕಾಯಿತು. ಇಂಥವರ ವಂಶದಲ್ಲಿ ಹುಟ್ಟಿದೆನೆಂದು ಯಾರಾದರೂ ಹೆಮ್ಮೆಪಟ್ಟರೆ ತಪ್ಪೆನ್ನಲಾದೀತೆ?

ಆದರೆ ಪುಸ್ತಕದ ಪುಟ ಇಲ್ಲಿಗೆ ಮುಗಿಯುವುದಿಲ್ಲ. ಪಾಪದ ನೆಲವನ್ನು ಬಿಟ್ಟು ಇವರು ಬಂದು ನಿಂತ ನೆಲ ಯಾರದು? 1795 ಮತ್ತು 1809ರ ಒಪ್ಪಂದಗಳಲ್ಲಿ ಮಯಾಮಿ, ಡೆಲಾವೇರ್ ಮೊದಲಾದ ಮೂಲನಿವಾಸಿಗಳು ಬಿಟ್ಟುಕೊಡಬೇಕಾಗಿ ಬಂದ ನೆಲ. ಮೊದಲನೆಯದು ಯುದ್ಧದಲ್ಲಿ ಸೋತ ಮೇಲೆ ಆದ ಒಪ್ಪಂದ. 1846ರಲ್ಲಿ, ಲೆವಿಯ ಮನೆಗೆ ರಾತ್ರಿ ಹೊತ್ತು ಗುಲಾಮರು ಬಂದು ಅಡಗುತ್ತಿದ್ದ ದಿನಗಳಲ್ಲೇ, ಅದೇ ಇಂಡಿಯಾನಾದಿಂದ ಮಯಾಮಿ ಜನರ ದೊಡ್ಡ ಗುಂಪೊಂದನ್ನು ಕಾಲುವೆಯ ದೋಣಿಗಳಲ್ಲಿ ಕೂರಿಸಿ ದೂರದ ಕನ್ಸಾಸಿಗೆ ಸಾಗಿಸಿದರು. ಯುದ್ಧ ಮಾಡದವನು ಯುದ್ಧ ಗಳಿಸಿಕೊಟ್ಟ ಹೊಲವನ್ನು ಉತ್ತ. ಇದು ಕ್ವೇಕರರನ್ನು ಹೀಗಳೆಯುವ ಮಾತಲ್ಲ. ಶುದ್ಧಹಸ್ತರಾಗಿ ಬಾಳಬೇಕೆಂದು ಹೊರಟವರಿಗೂ ಸಂಪೂರ್ಣ ಶುದ್ಧವಾದ ನೆಲ ಸಿಗಲಿಲ್ಲ, ಅಷ್ಟೇ.

ಇನ್ನೊಂದು ಸಂಗತಿಯೂ ಉಂಟು. ಕಾಫಿನ್ನರ ಹೆಸರು ತಲೆಮಾರು ತಲೆಮಾರಿಗೂ ಸಿಗುತ್ತದೆ. ಅವರ ಮನೆಯಲ್ಲಿ ತಂಗಿದವರ ಮೊಮ್ಮಕ್ಕಳು ಹುಡುಕಿದರೆ? 1850 ಮತ್ತು 1860ರ ಗುಲಾಮರ ಗಣತಿಯಲ್ಲಿ ಬರೆದದ್ದು ಒಡೆಯನ ಹೆಸರು. ಗುಲಾಮರದು ಹೆಚ್ಚಾಗಿ ವಯಸ್ಸು, ಲಿಂಗ, ಬಣ್ಣ ಮಾತ್ರ. ಮೂಲವನ್ನು ಹುಡುಕುವ ಭಾಗ್ಯವೂ ಎಲ್ಲರಿಗೆ ಸಮನಾಗಿ ಬಂದದ್ದಲ್ಲ.

ಅಜ್ಜನ ತಪ್ಪಿಗೆ ಮೊಮ್ಮಗನನ್ನು ಶಿಕ್ಷಿಸುವುದು ಅನ್ಯಾಯ, ನಿಜ. ಹಾಗೆಯೇ ಅಜ್ಜನ ಧೈರ್ಯಕ್ಕೆ ಮೊಮ್ಮಗ ಹಾರ ಹಾಕಿಸಿಕೊಳ್ಳುವುದೂ ಸಲ್ಲದು. ಪಾಪ ಪುಣ್ಯಗಳು ಮಾಡಿದವರೊಡನೆ ಹೋಗುತ್ತವೆ. ಆದರೆ ಮನೆ, ಹೊಲ, ಹೆಸರು ಉಳಿಯುತ್ತವೆ. ಅವುಗಳೊಡನೆ ಒಂದು ಹೊಣೆಯೂ ಬರುತ್ತದೆ. ಆ ಹೊಣೆ ಎಂದರೆ ಕಥೆಯನ್ನು ಪೂರ್ತಿ ಹೇಳುವುದು, ದಾಖಲೆಯಿಲ್ಲದವರಿಗೂ ಅದರಲ್ಲಿ ಜಾಗ ಕೊಡುವುದು, ಇಂದು ನಮ್ಮ ಬಾಗಿಲು ತಟ್ಟುವವನು ಯಾರೆಂದು ಎದ್ದು ನೋಡುವುದು.

ನದೀಮೂಲ ಹುಡುಕಬಾರದೆಂದ ಹಿರಿಯರಿಗೆ ನದಿಯ ಮೇಲೆ ಗೌರವವಿತ್ತು. ನಾವು ಹುಡುಕಿದರೂ ಆ ಗೌರವ ಕೆಡಬೇಕಾಗಿಲ್ಲ. ಕೆಸರು ಕಂಡರೆ ಕಂಡಿತೆಂದು ಹೇಳುವ ಪ್ರಾಮಾಣಿಕತೆ ಇರಬೇಕು. ಆ ನೀರನ್ನೇ ಕುಡಿದು ಬೆಳೆದವರು ನಾವೆಂಬ ನೆನಪೂ ಇರಬೇಕು.