ಶಾಸನವಿಲ್ಲದ ಋಣ

ರಾಜಶಾಸನವು ನಿಷೇಧಿಸದ ಕಾರ್ಯವೆಲ್ಲವೂ ಧರ್ಮ್ಯವೆನ್ನಬಹುದೆ? ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಅಮೆರಿಕಾ ದೇಶದ ಪುಸ್ತಕ ಪ್ರಕಾಶಕನಾದ ಜಾರ್ಜ್ ಪಾಮರ್ ಪಟ್ನಮ್ (1814–1872) ಎಂಬಾತನ ಜೀವಿತವು ತಕ್ಕ ದೃಷ್ಟಾಂತವಾಗಿದೆ.

ಆ ದೇಶದ 1790ರ ಗ್ರಂಥಸ್ವಾಮ್ಯದ ಕಾನೂನು ಅಲ್ಲಿಯ ಪ್ರಜೆಗಳಿಗೂ ನಿವಾಸಿಗಳಿಗೂ ಮಾತ್ರ ರಕ್ಷಣೆಯನ್ನಿತ್ತಿತು. ಆದುದರಿಂದ ಇಂಗ್ಲೆಂಡಿನ ಪುಸ್ತಕವು ಹಡಗಿನಿಂದ ಇಳಿದೊಡನೆ ಮರುಮುದ್ರಣಗೊಂಡು ಅಗ್ಗದ ಬೆಲೆಗೆ ಮಾರುತ್ತಿತ್ತು. 1842ರಲ್ಲಿ ಅಲ್ಲಿಗೆ ಬಂದ ಡಿಕನ್ಸನು ಇದನ್ನು ಆಕ್ಷೇಪಿಸಲು, ಪತ್ರಿಕೆಗಳು ಆತನನ್ನೇ ಹಣದಾಸೆಯವನೆಂದು ಜರೆದುವು. ವಿನೋದವೇನೆಂದರೆ, ಒಬ್ಬ ಪ್ರಕಾಶಕನು ಇಂಥ ಗ್ರಂಥವನ್ನು ಮುದ್ರಿಸುವೆನೆಂದು ಮೊದಲು ಸಾರಿದರೆ ಮಿಕ್ಕವರು ಅದನ್ನು ಮುಟ್ಟಬಾರದೆಂಬ ಮರ್ಯಾದೆಯು ದೊಡ್ಡ ವ್ಯಾಪಾರಿಗಳಲ್ಲಿತ್ತು. ತಮ್ಮತಮ್ಮಲ್ಲಿ ಇಷ್ಟು ಸೂಕ್ಷ್ಮವಾದ ನ್ಯಾಯ. ಬರೆದವನಿಗೆ ಮಾತ್ರ, ಕೊಟ್ಟರೆ ಕೃಪೆ, ಕೊಡದಿದ್ದರೆ ದೋಷವಿಲ್ಲ!

ಪ್ರತಿಪಕ್ಷವೂ ದುರ್ಬಲವಲ್ಲ. ಅಗ್ಗದ ಮುದ್ರಣದಿಂದ ಬಡವರ ಮನೆಗೂ ಸದ್ಗ್ರಂಥಗಳು ಸೇರಿದುವು. ವಿದ್ಯೆಯನ್ನು ಮಾರಬಾರದೆಂದು ಪಾಠಶಾಲೆಯಲ್ಲಿ ಕಲಿತ ನನಗೆ ಈ ವಾದವು ಬಹುಕಾಲ ಹಿಡಿಸಿತ್ತು. ಆದರೆ ಓಲೆಯ ಗ್ರಂಥವನ್ನು ಪ್ರತಿಮಾಡಿಕೊಂಡ ವಿದ್ಯಾರ್ಥಿಯು ಗಳಿಸಿದುದು ವಿದ್ಯೆಯನ್ನು, ಹಣವನ್ನಲ್ಲ. ಇಲ್ಲಿಯಾದರೋ ಕಾಗದದವನಿಗೂ ಮೊಳೆ ಜೋಡಿಸಿದವನಿಗೂ ಅಂಗಡಿಯವನಿಗೂ ಸಲ್ಲುವುದು ಸಂದು, ಲೇಖಕನೊಬ್ಬನಿಗೆ ವಿದ್ಯಾದಾನದ ಉಪದೇಶ! ದಾನವು ಕೊಡುವವನ ಇಚ್ಛೆಯಲ್ಲವೆ?

ವಿದೇಶೀಯನಿಗೂ ಸ್ವಾಮ್ಯವು ಸಲ್ಲಬೇಕೆಂದು ಪಟ್ನಮನು ತಾರುಣ್ಯದಿಂದಲೇ ವಾದಿಸಿದನು. ಸ್ವದೇಶೀಯರೊಡನೆ ಆತನ ನಡತೆಯೂ ಹಾಗೆಯೇ ಇದ್ದಿತು. ಹಳಬನಾದನೆಂದು ಇತರ ಪ್ರಕಾಶಕರು ಕೈಬಿಟ್ಟಿದ್ದ ವಾಷಿಂಗ್ಟನ್ ಇರ್ವಿಂಗನ ಕೃತಿಗಳನ್ನು 1848ರಿಂದ ಮತ್ತೆ ಅಚ್ಚುಹಾಕಿಸಿ, ಮಾರುವ ಬೆಲೆಯಲ್ಲಿ ನೂರಕ್ಕೆ ಹನ್ನೆರಡೂವರೆಯಂತೆ ಲೇಖಕನಿಗೆ ಸಲ್ಲಿಸಿದನು. 1857ರಲ್ಲಿ ದೇಶಕ್ಕೆಲ್ಲ ಒದಗಿದ ಹಣದ ಮುಗ್ಗಟ್ಟಿನೊಡನೆ ಪಟ್ನಮನ ವ್ಯಾಪಾರವೂ ಮುರಿಯಿತು. ಆಗ ಎಪ್ಪತ್ತನಾಲ್ಕರ ವೃದ್ಧನಾಗಿದ್ದ ಇರ್ವಿಂಗನನ್ನು ಬೇರೆ ಪ್ರಕಾಶಕರು ಕರೆಯದೆ ಇರಲಿಲ್ಲ. ಆತನು ತನ್ನ ಗ್ರಂಥಗಳ ಮುದ್ರಣಫಲಕಗಳನ್ನು ತಾನೇ ಕೊಂಡು, ಪಟ್ನಮನ ಕೈಯಲ್ಲೇ ಪುನಃ ಇರಿಸಿದನು. ಈ ಉಪಕಾರಕ್ಕೆ ಯಾವ ಕರಾರೂ ಕಾರಣವಾಗಿರಲಿಲ್ಲ.

ಇದರಿಂದ ಸತ್ಯವಂತನಿಗೆ ಫಲವು ತಪ್ಪದೆಂದು ನಾನು ಹೇಳಲಾರೆ. ತಾನು ಬಯಸಿದ ಕಾನೂನನ್ನು ಕಾಣದೆಯೇ ಪಟ್ನಮನು ತೀರಿಕೊಂಡನು. ಆತನ ಮಗನೂ ಇತರರೂ ಹೋರಾಡಿದ ಮೇಲೆ 1891ರಲ್ಲಿ ಅದು ಬಂದಿತು. ಬಂದರೂ ವಿದೇಶೀ ಗ್ರಂಥದ ಮೊಳೆಗಳನ್ನು ಅಮೆರಿಕಾದಲ್ಲೇ ಜೋಡಿಸಿರಬೇಕೆಂಬ ನಿಬಂಧನೆಯನ್ನು ಜೊತೆಯಲ್ಲೇ ಕಟ್ಟಿಕೊಂಡು ಬಂದಿತು.