ಶರೀರವೆಂಬ ಅಮಾನತ್ತು ಮತ್ತು ಸಂಶೋಧಕನ ಕೈ

ಜ್ವರದಿಂದ ನರಳುವ ಮಗುವಿಗೆ ನಡುರಾತ್ರಿ ಚಮಚದಲ್ಲಿ ಔಷಧಿ ಕುಡಿಸುವಾಗ ನೀವು ಬಿಸ್ಮಿಲ್ಲಾಹ್ ಹೇಳುತ್ತೀರಿ. ಬೆಳಗಾಗುವಷ್ಟರಲ್ಲಿ ಮೈ ತಣ್ಣಗಾದರೆ ಅಲ್ಲಾಹನನ್ನು ಸ್ತುತಿಸುತ್ತೀರಿ, ಔಷಧಿ ಬರೆದುಕೊಟ್ಟ ವೈದ್ಯರಿಗೂ ಒಳಿತನ್ನು ಹಾರೈಸುತ್ತೀರಿ. ಆದರೆ ಆ ಔಷಧಿ ನಿಮ್ಮ ಮಗುವಿನ ಬಾಯಿಗೆ ಬರುವ ಮೊದಲು ಯಾವ ಯಾವ ಶರೀರಗಳನ್ನು ಹಾದು ಬಂತೆಂದು ಎಂದಾದರೂ ಯೋಚಿಸಿದ್ದೀರಾ? ಮೊದಲು ಪ್ರಯೋಗಾಲಯದ ಪ್ರಾಣಿಗಳು, ಅನಂತರ ಕೆಲವೇ ಮಂದಿ ಮನುಷ್ಯರು, ಆಮೇಲೆ ನೂರಾರು, ಸಾವಿರಾರು ಮಂದಿ. ಬಾಟಲಿಯ ಮೇಲೆ ಕಂಪೆನಿಯ ಹೆಸರಿರುತ್ತದೆ, ಅವರ ಹೆಸರಿರುವುದಿಲ್ಲ.

ನಮ್ಮ ವಿಶ್ವಾಸದ ಪ್ರಕಾರ ಶರೀರವು ಮನುಷ್ಯನ ಸ್ವಂತ ಸೊತ್ತಲ್ಲ. ಅಲ್ಲಾಹನು ಒಂದು ಅವಧಿಗೆ ವಹಿಸಿಕೊಟ್ಟ ಅಮಾನತ್ತು ಅದು. ಆಯುಷ್ಯ, ಜ್ಞಾನ, ಸಂಪತ್ತುಗಳ ಜೊತೆಗೆ ಶರೀರವನ್ನು ಯಾವುದರಲ್ಲಿ ಸವೆಸಿದೆಯೆಂದೂ ಅಂತ್ಯದಿನದಂದು ಮನುಷ್ಯನನ್ನು ಪ್ರಶ್ನಿಸಲಾಗುವುದೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಮೈ ದಂಡಿಸುತ್ತಿದ್ದ ಅಬ್ದುಲ್ಲಾಹ್ ಬಿನ್ ಅಮ್ರ್(ರ)ರನ್ನು ಅವರು ತಡೆದು, ಶರೀರಕ್ಕೂ ಹಕ್ಕಿದೆಯೆಂದು ನೆನಪಿಸಿದರು. ಆರಾಧನೆಗಾಗಿಯೂ ಶರೀರವನ್ನು ಮನಬಂದಂತೆ ಸವೆಸಲು ಅನುಮತಿಯಿಲ್ಲವೆಂದ ಮೇಲೆ, ಸಂಶೋಧನೆಗಾಗಿ ಅದನ್ನು ಒಡ್ಡಬಹುದೇ? ಅದಕ್ಕಿಂತ ಗಂಭೀರವಾದ ಪ್ರಶ್ನೆ ಇನ್ನೊಂದಿದೆ. ಬೇರೊಬ್ಬನ ಶರೀರವನ್ನು ಅವನಿಗೇ ತಿಳಿಯದಂತೆ ಒಡ್ಡಬಹುದೇ?

ಈ ಎರಡನೆಯದು ಬರೇ ಊಹೆಯ ಪ್ರಶ್ನೆಯಲ್ಲ. ಅಮೇರಿಕದ ಅಲಬಾಮಾ ರಾಜ್ಯದಲ್ಲಿ ಟಸ್ಕೀಗಿ ಎಂಬ ಊರಿದೆ. 1932ರಲ್ಲಿ ಅಲ್ಲಿನ ಸರಕಾರದ ಸಾರ್ವಜನಿಕ ಆರೋಗ್ಯ ಸೇವೆಯು ಆ ಊರಿನ ಸುತ್ತಮುತ್ತಲ 600 ಮಂದಿ ಕಪ್ಪು ಜನಾಂಗದ ಗಂಡಸರನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಂಡಿತು. ಹೆಚ್ಚಿನವರು ಪರರ ಹೊಲದಲ್ಲಿ ಪಾಲಿಗೆ ದುಡಿಯುತ್ತಿದ್ದ ಬಡವರು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ರೋಗವಿತ್ತು, 201 ಮಂದಿಗೆ ಇರಲಿಲ್ಲ. ಚಿಕಿತ್ಸೆ ಕೊಡದೆ ಬಿಟ್ಟರೆ ಆ ರೋಗ ಶರೀರವನ್ನು ಹೇಗೆ ತಿನ್ನುತ್ತಾ ಹೋಗುತ್ತದೆಂದು ನೋಡುವುದೇ ಅಧ್ಯಯನದ ಗುರಿ. ರೋಗಿಗಳಿಗೆ ಹೇಳಿದ್ದೇ ಬೇರೆ. ನಿಮ್ಮ ರಕ್ತ ಕೆಟ್ಟಿದೆ, ಉಚಿತವಾಗಿ ಚಿಕಿತ್ಸೆ ಕೊಡುತ್ತೇವೆ ಎಂದರು. ಪರೀಕ್ಷೆಗಾಗಿ ಬೆನ್ನುಹುರಿಗೆ ಸೂಜಿ ಚುಚ್ಚಿ ನೀರು ತೆಗೆದದ್ದನ್ನೂ ವಿಶೇಷ ಚಿಕಿತ್ಸೆಯೆಂದೇ ನಂಬಿಸಿದರು. ಬಿಸಿಯೂಟ ಕೊಟ್ಟರು, ಆಸ್ಪತ್ರೆಗೆ ವಾಹನ ಕೊಟ್ಟರು, ಸತ್ತರೆ ದಫನದ ಖರ್ಚು ಕೊಡುವುದಾಗಿ ಹೇಳಿದರು. ದಫನದ ಖರ್ಚಿಗೆ ಬದಲಾಗಿ ಶವವನ್ನು ಕೊಯ್ದು ನೋಡಲು ಒಪ್ಪಿಗೆ ಬೇಕಿತ್ತು.

1940ರ ದಶಕದಲ್ಲಿ ಪೆನಿಸಿಲಿನ್ ಈ ರೋಗವನ್ನು ಗುಣಪಡಿಸುತ್ತದೆಂದು ಸಿದ್ಧವಾಯಿತು. ಅಷ್ಟರಲ್ಲಾದರೂ ನಿಲ್ಲಿಸಬೇಕಿತ್ತಲ್ಲವೇ? ನಿಲ್ಲಿಸಲಿಲ್ಲ. ಇವರಿಗೆ ಚಿಕಿತ್ಸೆ ಕೊಡಬೇಡಿರೆಂದು ಊರಿನ ವೈದ್ಯರಿಗೆ ಪಟ್ಟಿ ಕೊಡಲಾಯಿತು. ಗಂಡಂದಿರಿಂದ ಹೆಂಡಂದಿರಿಗೂ ಹುಟ್ಟುವ ಮಕ್ಕಳಿಗೂ ರೋಗ ದಾಟಿತು. ಆ ಇಲಾಖೆಯಲ್ಲೇ ದುಡಿದಿದ್ದ ಪೀಟರ್ ಬಕ್ಸ್‌ಟನ್ ಎಂಬವರು ಹಲವು ವರ್ಷ ಆಕ್ಷೇಪಿಸಿ ಫಲ ಕಾಣದೆ ಪತ್ರಿಕೆಯವರಿಗೆ ವಿಷಯ ತಿಳಿಸಿದರು. 1972ರ ಜುಲೈಯಲ್ಲಿ ಸುದ್ದಿ ಪ್ರಕಟವಾದ ಬಳಿಕವೇ ಅದು ನಿಂತಿತು. ನಲ್ವತ್ತು ವರ್ಷ! ಅಧ್ಯಕ್ಷ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದ್ದು 1997ರಲ್ಲಿ. ಅಷ್ಟರಲ್ಲಿ ಕ್ಷಮಿಸಬೇಕಾದವರಲ್ಲಿ ಬಹುತೇಕರು ಗೋರಿ ಸೇರಿದ್ದರು.

ಆ ವೈದ್ಯರೆಲ್ಲ ಕಟುಕರಾಗಿದ್ದರೆಂದು ಭಾವಿಸಿದರೆ ನಾವು ತಪ್ಪಿಸಿಕೊಂಡಂತೆ. ಅವರು ಓದಿದವರು, ಮನೆಯಲ್ಲಿ ಮಕ್ಕಳನ್ನು ಮುದ್ದಿಸುತ್ತಿದ್ದವರು. ಅವರ ವಾದ ಕೇಳಿದರೆ ನಮಗೂ ಪರಿಚಿತವೆನಿಸೀತು: ಈ ಬಡವರಿಗೆ ಹೇಗೂ ಚಿಕಿತ್ಸೆ ದೊರಕುತ್ತಿರಲಿಲ್ಲ, ಸಿಗುವ ಜ್ಞಾನದಿಂದ ಲಕ್ಷಾಂತರ ಮಂದಿಗೆ ಉಪಕಾರವಾದೀತು. ಹಲವರ ಒಳಿತಿಗಾಗಿ ಒಬ್ಬನನ್ನು ವಂಚಿಸಿದರೆ ಏನಂತೆ ಎಂಬ ಲೆಕ್ಕ ಇದು. ಇಸ್ಲಾಮಿನ ತಕ್ಕಡಿಯಲ್ಲಿ ಈ ಲೆಕ್ಕ ತೂಗುವುದಿಲ್ಲ. ಏಕೆಂದರೆ ಇದು ದಾಸರ ಹಕ್ಕಿಗೆ ಸೇರಿದ ವಿಷಯ. ನೊಂದವನು ಬಿಟ್ಟುಕೊಡದೆ ಅದು ಮಾಫಿಯಾಗುವುದಿಲ್ಲವೆಂದು ನಮ್ಮ ಉಲಮಾಗಳು ಕಲಿಸಿದ್ದಾರೆ. ಉಪಕಾರ ಪಡೆದ ಲಕ್ಷ ಮಂದಿ ಸೇರಿ ವಂಚಿತನಾದ ಒಬ್ಬನ ಪರವಾಗಿ ಕ್ಷಮಿಸಲಾರರು.

ಪ್ರವಾದಿ(ಸ)ರು ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ತೂರಿಸಿದಾಗ ಬೆರಳು ಒದ್ದೆಯಾದ ಘಟನೆ ನಿಮಗೆ ತಿಳಿದೇ ಇದೆ. ಮಳೆ ತಾಗಿತ್ತೆಂದು ವ್ಯಾಪಾರಿ ಹೇಳಿದ. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿದ ಪ್ರವಾದಿ(ಸ), ವಂಚಕನು ತಮ್ಮವನಲ್ಲವೆಂದು ಸಾರಿದರು. ಮಳೆ ಬಂದದ್ದು ಆತನ ತಪ್ಪಲ್ಲ, ಅಡಗಿಸಿದ್ದು ತಪ್ಪು. ಔಷಧಿಯಲ್ಲಿ ಅಪಾಯವಿರುವುದೂ ಸಂಶೋಧಕನ ತಪ್ಪಲ್ಲ. ಒಪ್ಪಿಗೆಯ ಕಾಗದದಲ್ಲಿ ಒಣಗಿದ್ದನ್ನು ಮೇಲಿಟ್ಟು ಒದ್ದೆಯಾದುದನ್ನು ಅಡಿಗೆ ತಳ್ಳಿದರೆ ಆಗ ತಪ್ಪು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಒಂದು ಸಾವಿರ ವರ್ಷಕ್ಕೂ ಹಿಂದೆ ಅರ್‌ರಾಝಿಯವರು ಸಿರ್ಸಾಮ್ ಎಂಬ ಮೆದುಳಿನ ಬೇನೆಯ ರೋಗಿಗಳಲ್ಲಿ ಒಂದು ಗುಂಪಿನ ರಕ್ತ ತೆಗೆದು, ಇನ್ನೊಂದು ಗುಂಪನ್ನು ಬೇಕೆಂದೇ ಹಾಗೆಯೇ ಬಿಟ್ಟು ಫಲವನ್ನು ಹೋಲಿಸಿದ್ದನ್ನು ನಾವು ಸಭೆಗಳಲ್ಲಿ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅಭಿಮಾನ ಸರಿಯೇ. ಆದರೆ ಹಾಗೆಯೇ ಬಿಡಲ್ಪಟ್ಟ ಆ ಗುಂಪಿನವರು ನಮ್ಮ ಭಾಷಣದಲ್ಲಿ ಬರುವುದೇ ಇಲ್ಲ. (ಇಂದಿನ ವೈದ್ಯಶಾಸ್ತ್ರ ಆ ಬೇನೆಗೆ ರಕ್ತ ತೆಗೆಯುವುದಿಲ್ಲ, ಆದ್ದರಿಂದ ಬಿಡಲ್ಪಟ್ಟವರಿಗೇ ಲಾಭವಾಗಿದ್ದರೂ ಆಗಿರಬಹುದು!)

ಹಾಗಾದರೆ ಪ್ರಯೋಗಗಳಿಂದ ದೂರವಿರುವುದೇ ಲೇಸೇ? ಹಾಗೆಂದು ಹೇಳುವವರು ನಮ್ಮಲ್ಲಿದ್ದಾರೆ. ಅವರ ಕಪಾಟಿನಲ್ಲೂ ಬಿ.ಪಿ.ಯ, ಸಕ್ಕರೆ ಕಾಯಿಲೆಯ ಮಾತ್ರೆಗಳಿವೆ. ಯಾರೋ ತಮ್ಮ ಶರೀರ ಒಡ್ಡಿದ್ದರಿಂದ ಬಂದ ಫಲವನ್ನು ಉಂಡು, ನಮ್ಮ ಸರದಿ ಬಂದಾಗ ಅಮಾನತ್ತಿನ ಮಾತೆತ್ತುವುದು ನ್ಯಾಯವೆನಿಸುವುದಿಲ್ಲ. ಅಮಾನತ್ತು ಎಂದರೆ ಹೂತಿಡುವ ವಸ್ತುವಲ್ಲ. ಅನಾಥರ ಸೊತ್ತಿನ ಉದಾಹರಣೆ ನೋಡಿ. ಪೋಷಕನು ಅದನ್ನು ವ್ಯಾಪಾರಕ್ಕೆ ಹಾಕಿ ಬೆಳೆಸಬಹುದು, ಅದರಲ್ಲಿ ಸ್ವಲ್ಪ ನಷ್ಟದ ಭಯವಿದ್ದರೂ ಸರಿ. ಜೂಜಿಗೆ ಹಾಕುವಂತಿಲ್ಲ. ಶರೀರದ ವಿಷಯವೂ ಹೀಗೆಯೇ ಎಂದು ನನ್ನ ಅನಿಸಿಕೆ. ಒಂದು ಜೀವ ಉಳಿಸುವುದನ್ನು ಕುರ್‌ಆನ್ ಇಡೀ ಮನುಕುಲವನ್ನು ಉಳಿಸಿದ್ದಕ್ಕೆ ಸಮಾನವೆಂದಿದೆ. ಅಪಾಯವನ್ನು ಅಳೆದು, ತಿಳಿದು, ಆ ನಿಯ್ಯತ್ತಿನಿಂದ ಒಪ್ಪುವವನು ಅಮಾನತ್ತಿಗೆ ದ್ರೋಹ ಮಾಡಿದವನಲ್ಲ. ಹಣದ ಆಸೆಯಿಂದ, ಕಾಗದದಲ್ಲೇನಿದೆಯೆಂದು ನೋಡದೆ ಒಪ್ಪಿದರೆ ಅದು ಜೂಜಿಗೆ ಹತ್ತಿರ.

ಆದರೆ ಪೋಷಕನಲ್ಲದವನು ಒಪ್ಪಿಗೆ ಕೊಟ್ಟರೆ? 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಸಾವಿರಾರು ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಅಧ್ಯಯನದ ಭಾಗವಾಗಿ ಚುಚ್ಚಲಾಯಿತು. ಹಲವರು ಹಾಸ್ಟೆಲಿನಲ್ಲಿದ್ದ ಗಿರಿಜನ ಬಾಲಕಿಯರು. ಎಷ್ಟೋ ಕಾಗದಗಳಿಗೆ ಸಹಿ ಹಾಕಿದವರು ತಂದೆತಾಯಿಯಲ್ಲ, ವಾರ್ಡನ್ ಅಥವಾ ಮುಖ್ಯೋಪಾಧ್ಯಾಯರು. ಕೆಲವು ಮಕ್ಕಳು ಸತ್ತಾಗ ಕೋಲಾಹಲವೆದ್ದು 2010ರಲ್ಲಿ ಕಾರ್ಯಕ್ರಮ ನಿಂತಿತು. ಸರಕಾರದ ತನಿಖಾ ಸಮಿತಿಗೆ ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ, ಒಪ್ಪಿಗೆ ಪಡೆದ ರೀತಿಯಲ್ಲಿ ಮಾತ್ರ ಲೋಪ ಕಂಡಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯು ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದೇ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಹೆಣ್ಣುಮಕ್ಕಳಿಗೆ ಶಿಫಾರಸು ಮಾಡುತ್ತದೆ, ನಮ್ಮ ಮನೆಯ ಮಕ್ಕಳಿಗೂ ಕೊಡಿಸಬೇಕಾದದ್ದೇ. ತಾಯಂದಿರನ್ನು ಕೇಳದೆ ಹೋದದ್ದರಿಂದ ಆ ಒಳ್ಳೆಯ ಲಸಿಕೆಯ ಮೇಲೆಯೇ ಸಂಶಯ ಕವಿಯಿತು. ಟಸ್ಕೀಗಿಯ ನಂತರ ಅಮೇರಿಕದ ಕಪ್ಪು ಜನರಲ್ಲಿಯೂ ಆಸ್ಪತ್ರೆಯ ಬಗ್ಗೆ ಇಂಥದೇ ಅಪನಂಬಿಕೆ ಉಳಿಯಿತು.

ನಮ್ಮ ದೇಶದಲ್ಲಿ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳು ಹೊಸ ಔಷಧಿಗಳ ಪರೀಕ್ಷೆಗೆ ಅನ್ವಯಿಸುತ್ತವೆ. ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಲಿಖಿತ ಒಪ್ಪಿಗೆ ಪಡೆಯಬೇಕು, ಅದರ ಪ್ರತಿ ಕೊಡಬೇಕು. ಓದುಬರಹ ತಿಳಿಯದವರಿದ್ದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರು ಇರಬೇಕು. ನಡುವೆ ಬಿಟ್ಟುಹೋದರೂ ಮಾಮೂಲು ಚಿಕಿತ್ಸೆ ತಪ್ಪಬಾರದು, ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು.

ಆದ್ದರಿಂದ ಆಸ್ಪತ್ರೆಯ ವರಾಂಡದಲ್ಲಿ ನಿಮ್ಮ ಉಮ್ಮಾನ ಮುಂದೆ ಇಂಥ ಕಾಗದ ಬಂದರೆ, ಇಲ್ಲಿ ಹೆಬ್ಬೆಟ್ಟು ಒತ್ತಿರೆಂದು ಅವಸರಪಡಿಸಬೇಡಿ. ಇಂಗ್ಲಿಷಿನಲ್ಲಿದ್ದರೆ ಕನ್ನಡದ ಪ್ರತಿ ಕೇಳಿ. ಬ್ಯಾರಿಯೋ ಉರ್ದುವೋ, ಅವರಿಗೆ ತಿಳಿಯುವ ಮಾತಿನಲ್ಲಿ ಕೂತು ಓದಿ ಹೇಳಿ. ಯಾವ ಔಷಧಿ, ಎಷ್ಟು ದಿನ, ಏನು ಅಪಾಯ, ಬೇಡವೆಂದರೆ ಏನಾಗುತ್ತದೆ ಎಂದು ವೈದ್ಯರಲ್ಲಿ ಅವರೇ ಕೇಳಲಿ. ಒಂದು ದಿನ ಯೋಚಿಸುವುದಾಗಿ ಅವರು ಹೇಳಿದರೆ ಕಾಗದವನ್ನು ಮನೆಗೆ ತನ್ನಿರಿ.