ಹಂಗಿನ ಒಪ್ಪಿಗೆ

ನಮ್ಮ ಮಾತಿನಲ್ಲಿ ಹಂಗು ಎಂಬ ಒಂದು ಪದವುಂಟು. ಸಾಲ ಬೇರೆ, ಉಪಕಾರ ಬೇರೆ, ಹಂಗು ಬೇರೆ. ಸಾಲವನ್ನು ಬಡ್ಡಿಯೊಡನೆ ತೀರಿಸಿ ಕೈ ತೊಳೆದುಕೊಳ್ಳಬಹುದು. ಉಪಕಾರವನ್ನು ನೆನೆದು ಕೃತಜ್ಞರಾಗಿರಬಹುದು. ಹಂಗಿಗೆ ಸಿಕ್ಕವನು ಮಾತ್ರ ಕೊಟ್ಟವನ ಎದುರಿಗೆ ನಿಂತು ‘ಆಗದು’ ಎನ್ನಲಾರ. ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಅಷ್ಟು ಬೆಲೆ ಕೊಟ್ಟುದಕ್ಕೆ ಇದೂ ಒಂದು ಕಾರಣವಿದ್ದೀತು. ದುಡಿದು ಉಣ್ಣುವವನ ನಾಲಗೆ ಯಾರ ಬಳಿಯೂ ಒತ್ತೆ ಇರುವುದಿಲ್ಲ. ಈ ಪದವನ್ನು ಆಸ್ಪತ್ರೆಯ ಬಾಗಿಲಿಗೆ ಒಯ್ದು ನೋಡಿದರೆ ಒಂದು ಕಠಿಣವಾದ ಪ್ರಶ್ನೆ ಎದುರಾಗುತ್ತದೆ.

ಮೂತ್ರಪಿಂಡಗಳೆರಡೂ ಸೋತವನು ಬದುಕಬೇಕಾದರೆ ಇನ್ನೊಬ್ಬರ ಮೂತ್ರಪಿಂಡವನ್ನು ಕಸಿ ಮಾಡಿಸಿಕೊಳ್ಳಬೇಕು, ಇಲ್ಲವೆ ಡಯಾಲಿಸಿಸ್ ಯಂತ್ರವನ್ನು ನಂಬಬೇಕು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಎಂಬುದು ಶಾಸ್ತ್ರ. ನಮ್ಮ ದೇಶದಲ್ಲಿ ಎರಡೇ ಸಲಕ್ಕೆ ತೃಪ್ತಿಪಟ್ಟುಕೊಳ್ಳುವವರು ಬಹಳ. ತೋಳಿನ ನಾಳದಿಂದ ರಕ್ತವನ್ನು ಹೊರತಂದು, ಕೂದಲೆಳೆಯಂಥ ಸಾವಿರಾರು ಟೊಳ್ಳು ಕೊಳವೆಗಳೊಳಗೆ ಹಾಯಿಸಿ, ಕಶ್ಮಲ ಕಳೆದು ಮರಳಿ ಮೈಯೊಳಗೆ ಬಿಡುತ್ತಾರೆ. ಒಂದು ಸಲದ ಈ ಕೆಲಸಕ್ಕೆ ಸುಮಾರು 120 ಲೀಟರು ಶುದ್ಧಿಗೊಳಿಸಿದ ನೀರು ಯಂತ್ರದೊಳಗೆ ಹರಿಯಬೇಕು. ಬೇಸಗೆಯಲ್ಲಿ ಕೊಡ ನೀರಿಗೆ ಸಾಲು ನಿಂತು ಬಲ್ಲ ವಿಜಯಪುರದವರಿಗೆ ಈ ಲೆಕ್ಕದ ಅರ್ಥವನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ.

ತಿಕೋಟಾದ ಕಡೆಯಿಂದಲೋ ಬಬಲೇಶ್ವರದ ಕಡೆಯಿಂದಲೋ ನಗರಕ್ಕೆ ಹೀಗೆ ಬಂದುಹೋಗುವ ಒಬ್ಬನನ್ನು ಊಹಿಸಿಕೊಳ್ಳಿ. ದ್ರಾಕ್ಷಿ ತೋಟದ ಕೂಲಿ ಅವನ ಜೀವನೋಪಾಯ. ಬಸ್ಸಿನ ಖರ್ಚು, ಅವನ ಒಂದು ದಿನದ ಕೂಲಿ, ಜತೆಗೆ ಬಂದ ಹೆಂಡತಿಯ ಒಂದು ದಿನದ ಕೂಲಿ, ಇಷ್ಟೂ ಪ್ರತಿ ಸಲದ ನಷ್ಟ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದಾಗಿ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಉಚಿತವಾಗಿ ದೊರೆಯುವಂತಾದುದು ದೊಡ್ಡ ಪುಣ್ಯದ ಕೆಲಸವೇ ಸರಿ. ಆದರೆ ಉಚಿತವಾಗಿ ಬಂದುದು ತನ್ನ ಹಕ್ಕು ಎಂದು ನಮ್ಮ ಬಡವನು ಎಂದೂ ಭಾವಿಸಿದವನಲ್ಲ. ಯಾರೋ ದಯೆಯಿಂದ ಕೊಟ್ಟರು, ದಯೆ ತಪ್ಪಿದರೆ ನಿಂತುಹೋದೀತು ಎಂದೇ ಅವನ ಎಣಿಕೆ. ನಾಲ್ಕು ದಿನ ಯಂತ್ರ ತಪ್ಪಿದರೆ ಕಾಲು ಬಾತು ಉಸಿರು ಕಟ್ಟುತ್ತದೆಂಬುದನ್ನು ಅವನ ಮೈಯೇ ಅವನಿಗೆ ಕಲಿಸಿದೆ.

ಇಂಥವನ ಬಳಿಗೆ ಒಂದು ದಿನ ವೈದ್ಯರು ಕಾಗದ ಹಿಡಿದು ಬರುತ್ತಾರೆ. ಹೊಸದೊಂದು ಔಷಧವನ್ನು ಪರೀಕ್ಷಿಸಬೇಕಾಗಿದೆ, ಇಲ್ಲವೆ ರಕ್ತದ ಒಂದು ಅಂಶವನ್ನು ಆರು ತಿಂಗಳು ಅಳೆದು ನೋಡಬೇಕಾಗಿದೆ. ಇದು ದೂರದೇಶದ ಸಂಗತಿಯಲ್ಲ. ವಿಜಯಪುರದಲ್ಲಿಯೇ ವೈದ್ಯಕೀಯ ಕಾಲೇಜು ಉಂಟು. ವೈದ್ಯಕೀಯ ಕಾಲೇಜಿನಲ್ಲಿ ಎಂ.ಡಿ. ಓದುವ ಪ್ರತಿಯೊಬ್ಬರೂ ಅಭ್ಯಾಸ ಮಾಡಿ ಪ್ರಬಂಧ ಬರೆಯಬೇಕೆಂಬುದು ದೇಶಕ್ಕೆಲ್ಲ ಇರುವ ನಿಯಮ. ವೈದ್ಯರು ಸಜ್ಜನರು, ವಿನಯದಿಂದಲೇ ಕೇಳುತ್ತಾರೆ. ಉತ್ತರವೂ ನಮಗೆಲ್ಲ ಗೊತ್ತಿರುವಂಥದೇ: ‘ನೀವು ಹೇಳಿದಂಗ ಆಗ್ಲಿರಿ, ಸಾಹೇಬ್ರ.’ ಹೆಬ್ಬೆಟ್ಟು ಬೀಳುತ್ತದೆ. ಇದು ಒಪ್ಪಿಗೆಯೋ, ಹಂಗೋ?

ಹಂಗು ಎನ್ನುವುದಾದರೆ ಇಂಥ ದುರ್ಬಲರ ಮೇಲೆ ಪ್ರಯೋಗವೇ ಬೇಡ, ಅವರನ್ನು ಅವರ ಪಾಡಿಗೆ ಬಿಟ್ಟುಬಿಡಿ ಎನ್ನುವವರುಂಟು. ಮಾತು ಕರುಣೆಯದಾಗಿ ತೋರುತ್ತದೆ. ವಿಚಾರಿಸಿ ನೋಡಿದರೆ ಹಾಗಲ್ಲ. ಡಯಾಲಿಸಿಸ್ ಯಂತ್ರ ಹುಟ್ಟಿದ್ದೇ ಪ್ರಯೋಗದಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜರ್ಮನರ ಕೈಸೇರಿದ್ದ ಹಾಲೆಂಡಿನ ಕಾಂಪೆನ್ ಎಂಬ ಸಣ್ಣ ಊರಿನಲ್ಲಿ ವಿಲ್ಲೆಂ ಕೋಲ್ಫ್ ಎಂಬ ತರುಣ ವೈದ್ಯ ಮರದ ಪಟ್ಟಿಗಳ ಉರುಳೆಗೆ ಸೆಲ್ಲೋಫೇನ್ ಕೊಳವೆ ಸುತ್ತಿ ಕೃತಕ ಮೂತ್ರಪಿಂಡವನ್ನು ಮಾಡಿದ. 1943ರಿಂದ ಮುಂದೆ ಅದಕ್ಕೆ ತೋಳು ಒಡ್ಡಿದ ಹದಿನೈದಕ್ಕೂ ಮಿಕ್ಕ ರೋಗಿಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡರು. 1945ರಲ್ಲಿ, ಎಚ್ಚರ ತಪ್ಪಿ ಸಾಯುವ ಹಂತದಲ್ಲಿದ್ದ 67 ವರ್ಷದ ಹೆಂಗಸೊಬ್ಬಳು ಕಣ್ಣು ತೆರೆದಳು. ಅವಳಿಗಿಂತ ಮೊದಲು ಸತ್ತವರಿಲ್ಲದಿದ್ದರೆ ಅವಳು ಏಳುತ್ತಿರಲಿಲ್ಲ. ಇಂದು ತಿಕೋಟಾದ ಕೂಲಿಯವನಿಗೂ ಯಂತ್ರವಿರುತ್ತಿರಲಿಲ್ಲ.

ಇನ್ನೊಂದು ನಿದರ್ಶನ ಇದಕ್ಕಿಂತಲೂ ಬೋಧಪ್ರದವಾದುದು. ಮೂತ್ರಪಿಂಡ ಕೆಟ್ಟವರಿಗೆ ರಕ್ತಹೀನತೆ ತಪ್ಪಿದ್ದಲ್ಲ. ಎಪೊಯೆಟಿನ್ ಎಂಬ ಚುಚ್ಚುಮದ್ದು ಬಂದ ಮೇಲೆ ರಕ್ತವನ್ನು ಏರಿಸುವುದು ಸುಲಭವಾಯಿತು. ಸ್ವಲ್ಪ ಏರಿದರೆ ಹಿತವಾಗುವುದಾದರೆ ಆರೋಗ್ಯವಂತರಷ್ಟೇ ಏರಿಸಿದರೆ ಇನ್ನೂ ಹಿತವಲ್ಲವೆ? ಯಾರಿಗಾದರೂ ಹಾಗೆಯೇ ತೋರುತ್ತದೆ. ಅಮೆರಿಕದಲ್ಲಿ ಹೃದ್ರೋಗವೂ ಇದ್ದ 1,233 ಡಯಾಲಿಸಿಸ್ ರೋಗಿಗಳನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿದರು. ಪೂರ್ತಿ ಏರಿಸಿದ ಗುಂಪಿನಲ್ಲೇ ಸಾವು, ಹೃದಯಾಘಾತಗಳು ಹೆಚ್ಚಾಗಿ ಕಂಡವು. ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. 1998ರಲ್ಲಿ ಫಲಿತಾಂಶ ಪ್ರಕಟವಾಯಿತು. ಆ ಪರೀಕ್ಷೆ ನಡೆಯದಿದ್ದರೆ ಎಷ್ಟು ಮಂದಿ ಸಜ್ಜನ ವೈದ್ಯರು ಎಷ್ಟು ಮಂದಿ ರೋಗಿಗಳಿಗೆ ಪ್ರೀತಿಯಿಂದಲೇ ಅಪಾಯ ಮಾಡುತ್ತಿದ್ದರೋ! ವೈದ್ಯನ ಕರುಣೆ ಔಷಧದ ಗುಣಕ್ಕೆ ಸಾಕ್ಷಿಯಾಗಲಾರದು. ‘ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯದು, ಕೂಡಿ ನೋಡೋಣ’ ಎನ್ನುವುದೇ ಅವನು ಆಡಬಹುದಾದ ಅತ್ಯಂತ ಪ್ರಾಮಾಣಿಕ ಮಾತು.

ಆದ್ದರಿಂದ ಪ್ರಯೋಗವೂ ಬೇಕು, ಹಂಗೂ ಕಳಚಬೇಕು. ಕಾನೂನು ಈ ದಿಕ್ಕಿನಲ್ಲಿ ತಕ್ಕಮಟ್ಟಿಗೆ ನಡೆದಿದೆ. ನಮ್ಮ ದೇಶದ 2019ರ ನಿಯಮಗಳಂತೆ ಹೊಸ ಔಷಧದ ಪ್ರಯೋಗಕ್ಕೆ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಜನರಿರಬೇಕು. ಅವರಲ್ಲಿ ಒಬ್ಬರು ಸಾಮಾನ್ಯ ನಾಗರಿಕರು, ಒಬ್ಬರು ಮಹಿಳೆ, ಒಬ್ಬರು ಕಾನೂನು ಬಲ್ಲವರು ಇರಲೇಬೇಕು. ರೋಗಿ ಬೇಕಾದಾಗ ಹಿಂದೆ ಸರಿಯಬಹುದು, ಅದರಿಂದ ಅವನ ಚಿಕಿತ್ಸೆಗೆ ಬಾಧಕವಿಲ್ಲ ಎಂದು ಒಪ್ಪಿಗೆಯ ಪತ್ರದಲ್ಲೇ ಬರೆದಿರಬೇಕು.

ಬರೆದರೆ ಸಾಕೆ? ಭಾಷೆಯನ್ನು ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಮೊದಲು ಹುಟ್ಟುವ ಸಂಶಯ ಭಾಷೆಯದೇ. ‘ಯಾದೃಚ್ಛಿಕ ಹಂಚಿಕೆ’ ಎಂದು ಅಚ್ಚುಹಾಕಿದರೆ ಅದು ಕನ್ನಡ ಲಿಪಿಯಲ್ಲಿದೆ ಎಂಬುದಷ್ಟೇ ಸತ್ಯ, ಎಂ.ಎ. ಓದಿದವರೂ ಒಂದು ಗಳಿಗೆ ತಡವರಿಸಬೇಕು. ಅದರ ಬದಲು ‘ನಿಮಗೆ ಯಾವ ಔಷಧ ಕೊಡಬೇಕೆಂಬುದನ್ನು ನಾವು ಆರಿಸುವುದಿಲ್ಲ, ಚೀಟಿ ಎತ್ತಿದಂತೆ ಅದು ಬರುತ್ತದೆ’ ಎಂದರೆ ಬಬಲೇಶ್ವರದ ರೈತನಿಗೆ ತಟ್ಟನೆ ತಿಳಿಯುತ್ತದೆ. ತಿಳಿದೊಡನೆ ಅವನು ಪ್ರಶ್ನೆ ಕೇಳುತ್ತಾನೆ: ‘ಸುಮ್ಮನ ಗುಳಿಗಿ ನನ್ನ ಪಾಲಿಗೆ ಬಂದ್ರ?’ ಆ ಪ್ರಶ್ನೆ ಎದ್ದಾಗಲೇ ಹಂಗಿನ ಗಂಟು ಒಂದಿಷ್ಟು ಸಡಿಲಿತೆಂದು ತಿಳಿಯಬೇಕು.

ಎರಡನೆಯ ಸಂಶಯ ಕೇಳುವವರನ್ನು ಕುರಿತದ್ದು. ಯಾರ ಕೈಯಲ್ಲಿ ತನ್ನ ಪ್ರಾಣವಿದೆಯೋ ಅವರಿಗೆ ‘ಇಲ್ಲ’ ಎನ್ನುವುದು ಹುಲುಮಾನವರಿಗೆ ಅಳವಡದ ಧೈರ್ಯ. ವಿಶ್ವ ವೈದ್ಯಕೀಯ ಸಂಘ 1964ರಲ್ಲಿ ಹೆಲ್ಸಿಂಕಿಯಲ್ಲಿ ಅಂಗೀಕರಿಸಿ ಅನಂತರ ಹಲವು ಸಲ ಪರಿಷ್ಕರಿಸಿದ ಘೋಷಣೆಯಲ್ಲಿ ಈ ವಿವೇಕವಿದೆ: ರೋಗಿ ವೈದ್ಯನನ್ನು ಅವಲಂಬಿಸಿರುವಾಗ, ಆ ಸಂಬಂಧಕ್ಕೆ ಹೊರಗಾದ ಬಲ್ಲವರೊಬ್ಬರು ಒಪ್ಪಿಗೆ ಕೇಳಬೇಕು. ನಾನು ಇದಕ್ಕೆ ಇನ್ನೊಂದನ್ನು ಕೂಡಿಸುತ್ತೇನೆ. ಸೂಜಿ ಚುಚ್ಚಿಸಿಕೊಂಡು ಮಲಗಿದವನನ್ನು ಕೇಳಬಾರದು. ಕಾಗದ ಅವನೊಡನೆ ಊರಿಗೆ ಹೋಗಲಿ; ಕಟ್ಟೆಯ ಮೇಲೆ ನಾಲ್ವರು ಓದಲಿ, ಹೆಂಡತಿ ಕೇಳಲಿ, ಕಾಲೇಜಿಗೆ ಹೋಗುವ ಮಗಳು ಅರ್ಥ ಹೇಳಲಿ. ಮುಂದಿನ ವಾರ ಅವನು ಬಂದಾಗ ಕೊಡುವ ಉತ್ತರ ಅವನದಾಗಿರುತ್ತದೆ.

ನೂರು ಜನರನ್ನು ಕೇಳಿ ನೂರೂ ಜನ ಒಪ್ಪಿದರೆಂದರೆ ಸಂತೋಷಪಡುವುದಕ್ಕಿಂತ ಅನುಮಾನಪಡುವುದೇ ಲೇಸು. ಎಲ್ಲಿ ನಾಲ್ಕು ಜನ ‘ಒಲ್ಲೆ’ ಎಂದು, ಮಾರನೆಯ ದಿನ ಅದೇ ಹಾಸಿಗೆಯಲ್ಲಿ, ಅದೇ ಆದರದಿಂದ ಚಿಕಿತ್ಸೆ ಪಡೆದರೋ ಅಲ್ಲಿ ಉಳಿದ ತೊಂಬತ್ತಾರು ಜನರ ಒಪ್ಪಿಗೆಗೆ ಬೆಲೆ ಬರುತ್ತದೆ. ಒಲ್ಲೆ ಎಂದವನನ್ನು ಹೇಗೆ ನಡೆಸಿಕೊಂಡರೆಂಬುದೇ ಒಪ್ಪಿದವನ ಸ್ವಾತಂತ್ರ್ಯಕ್ಕೆ ಪ್ರಮಾಣ.

ಹಾಗೆಂದು ರೋಗಿಯ ಕೃತಜ್ಞತೆಯನ್ನೇ ಶಂಕಿಸಬೇಕಾಗಿಲ್ಲ. ‘ನನಗೆ ಗುಣವಾಗದಿದ್ದರೂ ಚಿಂತಿಲ್ಲ, ಮುಂದಿನವರಿಗಾದರೂ ಆಗಲಿ’ ಎನ್ನುವ ದೊಡ್ಡ ಮನಸ್ಸು ಬಡವರಲ್ಲೂ ಉಂಟು. ಬಡವನಾದ್ದರಿಂದ ಅವನು ದಾನಿಯಾಗಲಾರ ಎಂದರೆ ಅದು ಅವನಿಗೆ ಇನ್ನೊಂದು ಅವಮಾನ. ಅವನ ದಾನವನ್ನು ಹಂಗಿನಿಂದ ಬಿಡಿಸಿ ದಾನವೆಂದೇ ಸ್ವೀಕರಿಸಬೇಕು, ಅಷ್ಟೆ. ಸ್ವೀಕರಿಸಿದವರಿಗೆ ಕರ್ತವ್ಯವೂ ಇದೆ. ಅಭ್ಯಾಸ ಮುಗಿದು ಪ್ರಬಂಧ ಅಚ್ಚಾದ ಮೇಲೆ ರಕ್ತ ಕೊಟ್ಟವನಿಗೆ ಫಲವೇನೆಂದು ಯಾರಾದರೂ ತಿಳಿಸಿ ಹೇಳಬೇಕು. ಔಷಧ ಫಲಿಸಲಿಲ್ಲ ಎಂಬ ಸುದ್ದಿಯೂ ಸುದ್ದಿಯೇ. ಅದನ್ನು ಅವನ ಹಾಸಿಗೆಯ ಬಳಿ ಕುಳಿತು, ಅವನ ಮಾತಿನಲ್ಲಿ ಹೇಳುವುದಕ್ಕೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷದಲ್ಲಿ ಯಾರು ಯಾರ ಹಂಗಿನಲ್ಲಿದ್ದಾರೆಂಬುದು ಇಬ್ಬರಿಗೂ ಗೊತ್ತಾಗುತ್ತದೆ.